ಆರನೇ ಪುಟದ ಸಾಹೇಬರು

ನಮ್ಮದು ಪಂಪು ತಯಾರಿಸುವ ಕಂಪನಿ. ಅಲ್ಲಿ ಕಾನೂನು ವಿಭಾಗ ಅಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಕಬ್ಬಿಣದ ಬೀರು, ಒಬ್ಬರು ವಕೀಲರು. ಅವರಿಗೆ ನಾವೆಲ್ಲ ಇಟ್ಟ ಹೆಸರು ‘ತಕ್ಕದ್ದು ಸಾಹೇಬರು’. ಅವರ ಯಾವ ಸೂಚನೆಯೂ ‘ಮಾಡತಕ್ಕದ್ದು’, ‘ಮಾಡಕೂಡದು’ ಎನ್ನದೆ ಮುಗಿಯುತ್ತಿರಲಿಲ್ಲ. ಹಾಲಿನವನಿಗೆ ಬಿಟ್ಟುಹೋಗುವ ಚೀಟಿಯಲ್ಲೂ ‘ಸದರಿ ದಿನ ಹಾಲು ಹಾಕಕೂಡದು’ ಎಂದೇ ಬರೆಯುತ್ತಾರೆ ಅಂತ ಅವರ ಹೆಂಡತಿಯೇ ಹೇಳಿ ನಕ್ಕಿದ್ದರು.

ಅವರೇನೂ ಕೆಟ್ಟವರಲ್ಲ. ಚಿಕ್ಕ ವಯಸ್ಸಿನಲ್ಲಿ ಯಾರೋ ಹಿರಿಯ ವಕೀಲರ ಕೈಕೆಳಗೆ ಇದ್ದಾಗ ಇವರು ಬರೆದ ಪತ್ರದಲ್ಲಿ ಒಂದು ಪದ ಬಿಟ್ಟುಹೋಗಿ, ಒಂದು ಸಂಸಾರಕ್ಕೆ ಇದ್ದ ಮನೆ ಕೈತಪ್ಪಿತಂತೆ. ಅಂದಿನಿಂದ ಪದ ಬಿಡುವುದೆಂದರೆ ಅವರಿಗೆ ಭಯ. ಹೇಳಿದ್ದನ್ನೇ ಮೂರು ಸಲ ಹೇಳಿ, ಅದಕ್ಕೊಂದು ‘ಆದಾಗ್ಯೂ’ ಸೇರಿಸಿ, ಕೆಳಗೆ ಓದಿದ್ದೇನೆಂದು ಸಹಿ ಹಾಕಿಸಿಕೊಂಡರೇ ಅವರಿಗೆ ನಿದ್ದೆ. ಓದುವವರಿಗೆ ಮಾತ್ರ ಅದು ಕಬ್ಬಿಣದ ಕಡಲೆ. ಯಾರೂ ಓದುತ್ತಿರಲಿಲ್ಲ, ಎಲ್ಲರೂ ಸಹಿ ಹಾಕುತ್ತಿದ್ದರು.

ಎದುರಿನ ಕೋಣೆಯಲ್ಲಿ ಪೆಟ್ಟಿಗೆಗಳ ಲೇಬಲ್ಲು, ಪಂಪು ಜೋಡಿಸುವ ಚಿತ್ರದ ಹಾಳೆ ಮಾಡುವವಳು ನಾನು. ಒಮ್ಮೆ ಹೊರಗಿನಿಂದ ಬರುವ ಬಿಡಿಭಾಗಗಳ ಬಗ್ಗೆ ಅವರು ಒಂಬತ್ತು ಪುಟದ ಸೂಚನೆ ಹೊರಡಿಸಿದರು. ಓದಿ ನೋಡಿದೆ. ಗೋಡೌನಿಗೆ ಬೇಕಾದ ಮಾತು ಆರನೇ ಪುಟದಲ್ಲಿ ಅಡಗಿ ಕೂತಿತ್ತು. ಅದನ್ನೇ ಹೆಕ್ಕಿ ಒಂದು ಹಾಳೆ ಮಾಡಿದೆ: ಒಡೆದ ಮಾಲು, ಅದರ ಮೇಲೆ ಅಡ್ಡಗೆರೆ ಎಳೆದ ಕೈ, ಒಂದು ಕ್ಯಾಮೆರಾ, ಒಂದು ಪತ್ರ. ಕೆಳಗೆ, ‘ಮುಟ್ಟಬೇಡಿ. ಫೋಟೊ ತೆಗೆಯಿರಿ. ಮೂರು ದಿನದೊಳಗೆ ಬರೆದು ಕಳಿಸಿ.’

ಸಾಹೇಬರು ಕೆಂಪು ಪೆನ್ನು ತೆಗೆದರು. ಕೈಯ ಪಕ್ಕ ಒಂದು ‘ಆದಾಗ್ಯೂ’, ಕ್ಯಾಮೆರಾದ ಸುತ್ತ ಎರಡು ‘ಪರಂತು’. ಚಿತ್ರ ಕಾಣದ ಹಾಗೆ ತುಂಬಿಸಿ, ಕಾನೂನು ಗೊಂಬೆಯಾಟ ಅಲ್ಲಮ್ಮ ಅಂದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಹಾಳೆ ಕಿತ್ತುಕೊಂಡು ಬಂದು ಡ್ರಾಯರಿಗೆ ಹಾಕಿದೆ. ಮೂಲ ಪ್ರತಿಯೂ ಅಲ್ಲೇ ಇತ್ತು. ಗೋಡೌನಿನ ಗೋಡೆಗೆ ನಾನೇ ಹೋಗಿ ಅಂಟಿಸಿದ್ದರೆ ಯಾರೂ ತಡೆಯುತ್ತಿರಲಿಲ್ಲ. ಸಾಹೇಬರೇ ಅನುಭವಿಸಲಿ ಅಂತ ಸುಮ್ಮನಾದೆ.

ಗೋಡೌನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದೆವು. ಇಪ್ಪತ್ತಾರು ವರ್ಷದ ಸರ್ವಿಸು, ನಿವೃತ್ತಿಗೆ ಎರಡೇ ವರ್ಷ. ಅವರ ನೆಲದಲ್ಲಿ ಒಂದು ಮೊಳೆ ಬಿದ್ದಿದ್ದು ನಾನು ನೋಡಿಲ್ಲ. ಮೊದಮೊದಲು ಏನಾದರೂ ತಿಳಿಯದಿದ್ದರೆ ಸಾಹೇಬರನ್ನು ಕೇಳುತ್ತಿದ್ದರಂತೆ. ಅವರು ಪುಟದ ಸಂಖ್ಯೆ ಹೇಳಿ ಕಳಿಸುತ್ತಿದ್ದರು. ಆಮೇಲೆ ಅಣ್ಣ ನಾಚಿಕೆಯಾಗಿ ಕೇಳುವುದನ್ನೇ ಬಿಟ್ಟರು.

ಎಂಟು ತಿಂಗಳ ನಂತರ ಒಂದು ಲಾರಿ ಮಾಲು ಅರ್ಧಕ್ಕರ್ಧ ಒಡೆದು ಬಂತು. ಅಣ್ಣ ಕೂಡಲೇ ಕಳಿಸಿದವರಿಗೆ ಫೋನು ಮಾಡಿದರು. ಇಡೀ ದಿನ ಕೂತು ಒಡೆದದ್ದನ್ನು ಬೇರೆ ಮಾಡಿ, ಒರೆಸಿ, ಅಳತೆ ಪ್ರಕಾರ ಜೋಡಿಸಿ, ಚೂರುಗಳನ್ನು ಗುಡಿಸಿ ಎಸೆದರು. ಒಂದು ವಾರಕ್ಕೆ ಮಾಲು ಕಳಿಸಿದವರ ಕಡೆಯ ತಪಾಸಣೆಯವರು ಬಂದರು. ಬರೆದು ತಿಳಿಸಿಲ್ಲ, ಮಾಲು ಬಂದ ಹಾಗೆ ಇಟ್ಟಿಲ್ಲ, ಒಡೆದದ್ದು ನಮ್ಮಿಂದಲೇ ಅನ್ನುವುದಕ್ಕೆ ಏನು ಸಾಕ್ಷಿ ಎಂದು ಕೈ ತೊಳೆದುಕೊಂಡರು. ನಷ್ಟದ ತಪ್ಪು ಹೊರಿಸಲು ಮೇಲಿನವರಿಗೆ ಯಾರಾದರೊಬ್ಬರು ಬೇಕಿತ್ತು. ಅಣ್ಣ ಸಹಿ ಹಾಕಿದ ಆರನೇ ಪುಟ ಬೀರುವಿನಿಂದ ಹೊರಬಂತು.

ಸಾಹೇಬರು ಮೇಲೆ ಹೋಗಿ ತಪ್ಪು ನನ್ನದೂ ಇದೆ ಎಂದರಂತೆ. ಸೂಚನೆ ಸರಿಯಾಗೇ ಇದೆಯಲ್ಲ, ನಿಮ್ಮದೇನು ತಪ್ಪು ಎಂದು ಮೇಲಿನವರು ಹೊಗಳಿ ಕಳಿಸಿದರು. ಅಣ್ಣನನ್ನು ಕೆಲಸದಿಂದ ತೆಗೆಯುವ ಪತ್ರವನ್ನೂ ಸಾಹೇಬರೇ ಬರೆಯಬೇಕಾಯಿತು. ಎರಡೇ ಸಾಲು, ಒಂದೂ ‘ತಕ್ಕದ್ದು’ ಇರಲಿಲ್ಲ. ಅಣ್ಣ ನಿಂತಲ್ಲೇ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಬೀಗದ ಕೈ ಮೇಜಿನ ಮೇಲಿಟ್ಟು ಹೋದರು.

ಮರುವಾರ ಸಾಹೇಬರು ನನ್ನ ಕೋಣೆಗೆ ಬಂದು ಆ ಹಾಳೆ ಇದೆಯಾ ಎಂದು ಕೇಳಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ನಾನೂ ತೆಗೆದುಕೊಟ್ಟೆ. ಕೆಂಪು ಗೀಚಿಲ್ಲದ ಪ್ರತಿ. ಗೋಡೌನಿನಲ್ಲಿ ಹೇಗೆ ಕಾಣುತ್ತದೆಂದು ಅಣ್ಣನಷ್ಟು ತಿಳಿದವರು ಯಾರು ಅಂತ ಸಾಹೇಬರೇ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದರು.

ಅಣ್ಣ ಕುರ್ಚಿ ಕೊಟ್ಟರು, ನೀರು ಕೊಟ್ಟರು. ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದು ಬೆರಳಿಟ್ಟು ಓದಿದರು. ಅಲ್ಲಿನ ದೀಪ ಮಂಕು, ಅಕ್ಷರ ಇನ್ನೂ ದಪ್ಪ ಇರಲಿ ಎಂದರು. ಮತ್ತೊಮ್ಮೆ ಓದಿದರು.

“ಇಷ್ಟೇ ಆಗಿದ್ರೆ ನಾನೂ ಮಾಡ್ತಿದ್ನಲ್ಲ ಸಾಹೇಬ್ರೇ,” ಅಂದರು.

ಸಾಹೇಬರು ತಲೆ ತಗ್ಗಿಸಿ, “ನಿಮಗೆ ಅರ್ಥ ಆಗೋ ಹಾಗೆ ನಾನು ಬರೀಲಿಲ್ಲ,” ಅಂದರು. ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಅತಿ ಸಣ್ಣ ವಾಕ್ಯ ಅದು.

ಅಣ್ಣ ನನ್ನ ಕಡೆ ತಿರುಗಿ, “ಇದನ್ನ ಯಾವಾಗ ಮಾಡಿದ್ಯಮ್ಮ?” ಅಂತ ಕೇಳಿದರು.

ಈಗ ಮೊನ್ನೆ, ಅಂದೆ. ಸಾಹೇಬರು ನನ್ನನ್ನು ನೋಡಿ, ಅಣ್ಣನ ಕೈಯಿಂದ ಹಾಳೆ ತೆಗೆದುಕೊಂಡು ಮಡಚಿದರು.