ಮತ್ತಾಯಿ ಡಾಕ್ಟರರ ಮಧ್ಯಾಹ್ನದ ನಿದ್ದೆ

ನನ್ನ ಮೊಮ್ಮಗಳು ನಂದನಾ ಇವತ್ತು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರೆ ಅದು ನನ್ನ ಹರಕೆಯಿಂದ ಆದದ್ದಲ್ಲ, ಅವಳ ಅಮ್ಮನ ಕಣ್ಣೀರಿನಿಂದಲೂ ಅಲ್ಲ. ತಿರುವನಂತಪುರದಲ್ಲಿ ಒಬ್ಬ ಬೊಕ್ಕತಲೆಯ ಡಾಕ್ಟರು ಮಧ್ಯಾಹ್ನ ಚಾಪೆಯ ಮೇಲೆ ಬಿದ್ದುಕೊಂಡು ಗೊರಕೆ ಹೊಡೆದದ್ದರಿಂದ. ನಡೆದದ್ದು ಇಷ್ಟೆ. ಉಳಿದದ್ದೆಲ್ಲ ನೆಂಟರು ಸೇರಿಸಿ ಹೇಳುವುದು.

ನಂದನಾಳಿಗೆ ಇರುವುದು ಹುಟ್ಟಿನಿಂದ ಬಂದ ಕಾಯಿಲೆ. ನರ ಹೇಳಿದ ಮಾತು ಮಾಂಸಖಂಡಕ್ಕೆ ಮುಟ್ಟುವುದಿಲ್ಲ. ತಲೆ ಮಾತ್ರ ಚುರುಕು. ನನ್ನ ಕೆಲಸದಲ್ಲಿ ತಪ್ಪು ಹುಡುಕುವುದರಲ್ಲಿ ಅವಳ ಅಮ್ಮನನ್ನೂ ಮೀರಿಸಿದವಳು. ಕಾಲ ಮೇಲೆ ನಿಂತವಳೇ ಅಲ್ಲ. ಕುರ್ಚಿಯಲ್ಲಿ ಕೂತು ಕೂತು ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು. ಮಗಳು ಶೈಲಜಾ ಕೊಚ್ಚಿಯ ಕಾಕ್ಕನಾಡಿನಲ್ಲಿ ಕಲೆಕ್ಟರೇಟಿನ ಕೆಲಸಕ್ಕೆ ಹೋಗುತ್ತಾಳೆ, ಅಳಿಯ ಕೋರ್ಟಿಗೆ. ಮಗುವನ್ನು ನೋಡಿಕೊಳ್ಳಲಿಕ್ಕೆ ನಾನು ಕುಂಬಳೆಯಿಂದ ಬಂದವಳು ಇಲ್ಲೇ ಉಳಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಮಗು ಎತ್ತಲಿಕ್ಕೆ ಅಷ್ಟು ಸಾಕು.

ಮೊದಲು ಮಗುವಿನ ಮದ್ದು ಎಲ್ಲ ಆಸ್ಪತ್ರೆಗಳಲ್ಲಿ ಆಗುವ ಹಾಗೆಯೇ ನಡೆಯುತ್ತಿತ್ತು. ನರಕ್ಕೆ ಒಂದು ಬಾಗಿಲು, ಎಲುಬಿಗೆ ಒಂದು, ಎದೆಗೆ ಒಂದು. ಮಗುವನ್ನು ಹೊತ್ತುಕೊಂಡು ಬಾಗಿಲಿಂದ ಬಾಗಿಲಿಗೆ ನಾವೇ ಅಲೆಯಬೇಕು. ತಿರುವನಂತಪುರದ ಈ ಆಸ್ಪತ್ರೆಯಲ್ಲಿ ಕ್ರಮ ಬೇರೆ. ಒಂದು ದೊಡ್ಡ ಹಾಲು, ನೆಲಕ್ಕೆ ಚಾಪೆ. ಮಗು ಚಾಪೆಯ ಮೇಲೆ ಇರುತ್ತದೆ, ಡಾಕ್ಟರುಗಳು ಬರುತ್ತಾರೆ. ನರದವರು, ಎಲುಬಿನವರು, ಹೃದಯದವರು, ಕೈಕಾಲು ಆಡಿಸುವವರು, ಊಟ ಹೇಳುವವರು, ಶಾಲೆಯ ಬಗ್ಗೆ ಕೇಳುವ ಒಬ್ಬಳು ಹುಡುಗಿ. ಮದುಮಗಳ ಸುತ್ತ ನೆಂಟರು ಕೂತ ಹಾಗೆ ಎಲ್ಲರೂ ಕೆಳಗೆ ಕೂತುಕೊಳ್ಳಬೇಕು. ಕಡೆಗೆ ಮೂಲೆಯ ಮೇಜಿಗೆ ಹೋಗಿ ಒಟ್ಟಿಗೆ ಜಗಳಾಡಿ, ಒಂದೇ ಮಾತು ಮಾಡಿ ನಮಗೆ ಹೇಳುತ್ತಾರೆ.

ಈ ಗುಂಪಿನಲ್ಲಿ ಉಸಿರಿನವರು ಮತ್ತಾಯಿ ಡಾಕ್ಟರು.

ದಪ್ಪ ಮನುಷ್ಯ. ತಲೆಯಲ್ಲಿ ಇರಬೇಕಾದ ಕೂದಲೆಲ್ಲ ಕಿವಿಯಲ್ಲಿತ್ತು. ಮಂಗಳೂರಿನಲ್ಲಿ ಡಾಕ್ಟರಿಕೆ ಓದಿದವರು. ಅಲ್ಲಿ ಕಲಿತ ಹಾಸ್ಟೆಲಿನ ಕನ್ನಡವನ್ನು ಮುದುಕರಾಗುವವರೆಗೂ ಹಾಗೇ ಇಟ್ಟುಕೊಂಡಿದ್ದರು. ನಾವು ಕನ್ನಡದವರು ಎಂದು ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. “ಎಂಥ ಮಾರಾಯ್ತಿ, ಊಟ ಆಯ್ತಾ? ಉಸಿರು ಉಂಟಾ?” ಎಂದು ನಂದನಾಳನ್ನು ಕೇಳಿದರು. ಅವಳು ಎಂದಿನ ಹಾಗೆ ಮಲಯಾಳದಲ್ಲಿ, ಇಲ್ಲದಿದ್ದರೆ ನಾನು ಮಾತಾಡುವುದು ಹೇಗೆ ಎಂದಳು. ಅವರು ಹೊಟ್ಟೆ ಕುಲುಕಿಸಿ ನಕ್ಕರು.

ಬೇರೆಯವರು ನಮಸ್ಕಾರ ಹೇಳುವ ಕಡೆ ಅವರು “ಒಂದು ಕೆಮ್ಮು ಕೊಡಿ” ಎನ್ನುತ್ತಿದ್ದರು. ಮಗು ಕೆಮ್ಮಿದರೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ದೂರದ ಭಜನೆ ಕೇಳುವವರ ಹಾಗೆ ಕೇಳುತ್ತಿದ್ದರು. ನನ್ನ ಹತ್ತಿರವೂ ಕೇಳಿದರು. “ನನಗೆ ಎಂಥ ರೋಗ?” ಎಂದೆ. “ರೋಗಕ್ಕಲ್ಲ ಅಮ್ಮಚ್ಚೀ, ಪರಿಚಯಕ್ಕೆ” ಎಂದರು. ನಾನು ಕೆಮ್ಮಲಿಲ್ಲ. ಮುಂದಿನ ಸಲ ಪತ್ರೊಡೆ ಕೊಂಡುಹೋಗಿದ್ದೆ. ಊಟ ಹೇಳುವವಳು ಬಯ್ಯುತ್ತಿದ್ದಂತೆಯೇ ಆ ಹಾಲಿನಲ್ಲೇ ಡಬ್ಬಿ ಖಾಲಿ ಮಾಡಿ, ಬೆರಳನ್ನು ಕೋಟಿಗೆ ಒರೆಸಿಕೊಂಡರು.

ಆ ಹೊತ್ತಿಗೆ ನಂದನಾ ಬೆಳಿಗ್ಗೆ ಏಳುವುದು ತಡವಾಗತೊಡಗಿತ್ತು. ಎದ್ದರೆ ತಲೆನೋವು. ಆದರೆ ಕನಸುಗಳು! ಹಲ್ಲು ತಿಕ್ಕಿಸುವಾಗಲೂ ಹೇಳುತ್ತಿದ್ದಳು. ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆಗಳು ನೀರಿನಿಂದ ಎದ್ದು ಕೊಕ್ಕರೆಗಳಾಗಿ ಹಾರುತ್ತವಂತೆ. ಇವಳು ಜೆಟ್ಟಿಯಿಂದ ಇಳಿದು ಅಂತರಗಂಗೆಯ ಎಲೆಗಳ ಮೇಲೆ ಹೆಜ್ಜೆ ಇಟ್ಟು ಹಡಗಿನವರೆಗೆ ಹೋಗುತ್ತಾಳಂತೆ. ನೀರು ಮೆಲ್ಲ ಮೆಲ್ಲ ಕುತ್ತಿಗೆಗೆ ಬರುತ್ತದಂತೆ, ಬೆಚ್ಚಗೆ. ಕೇಳುತ್ತಾ ನನಗೂ ಅಂಗಾಲು ತಣ್ಣಗಾದಂತಾಗಿ, ಕೈಯಲ್ಲಿದ್ದ ಬ್ರಷ್ ನಿಲ್ಲುತ್ತಿತ್ತು.

ಒಂದು ದಿನ ಅದನ್ನು ಮತ್ತಾಯಿ ಡಾಕ್ಟರರ ಎದುರಿಗೂ ಹೇಳಿದಳು. ಅವರು ಪೂರಾ ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿ, ನಿದ್ದೆಯಲ್ಲಿ ಇವಳ ಉಸಿರು ಸಾಲುತ್ತಿಲ್ಲ, ಕೆಟ್ಟ ಗಾಳಿ ಒಳಗೇ ಉಳಿಯುತ್ತದೆ, ತಲೆನೋವು ಅದರಿಂದ, ಆ ಕುತ್ತಿಗೆಯ ನೀರೂ ಅದೇ ಇರಬಹುದು ಎಂದರು. ಮಲಗುವಾಗ ಮೂಗಿಗೆ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಕೊಡಬೇಕು.

ನಂದನಾ ಒಂದೇ ಮಾತು ಹೇಳಿದಳು: “ವೇಂಡ.” ಬೇಡ.

ಅವತ್ತು ಮೇಜಿನ ಹತ್ತಿರ ಜಗಳ ಜೋರಾಯಿತು. ಎಲುಬಿನವರು ಬೆನ್ನಿನ ಆಪರೇಷನ್ ಬೇಗ ಮಾಡಬೇಕು ಎಂದರು. ಬೆನ್ನು ಇನ್ನೂ ಬಾಗಿದರೆ ಎದೆಗೂಡನ್ನೇ ಒತ್ತುತ್ತದೆ. ಮತ್ತಾಯಿ ಡಾಕ್ಟರು ಒಪ್ಪಲಿಲ್ಲ. ಮಾಸ್ಕ್ ಅಭ್ಯಾಸ ಆಗದೆ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿದರೆ ಮತ್ತೆ ಅವಳ ಉಸಿರು ತಿರುಗಿ ಬರುತ್ತದೆಂದು ನಾನು ಹೇಳಲಾರೆ ಎಂದರು. ಮಾಸ್ಕ್ ಇಲ್ಲದೆ ಆಪರೇಷನ್ ಇಲ್ಲ, ಆಪರೇಷನ್ ಇಲ್ಲದೆ ಉಸಿರಿಗೆ ಜಾಗ ಇಲ್ಲ. ಶೈಲಜಾ ಗೋಡೆಗೆ ಮುಖ ಮಾಡಿ ನಿಂತಳು. ಮಾಸ್ಕ್ ಕಟ್ಟಿ ಮಲಗಿಸಿದರಾಯಿತು, ಎರಡು ದಿನ ಅಳುತ್ತಾಳೆ ಎಂದೆ ನಾನು.

ಮತ್ತಾಯಿ ಡಾಕ್ಟರು ನನ್ನನ್ನೂ ಎಲುಬಿನವರನ್ನೂ ಒಟ್ಟಿಗೇ ನೋಡಿದರು. “ಬೆನ್ನು ನಿಮ್ಮದು, ಉಸಿರು ನನ್ನದು. ಹುಡುಗಿ ಮಾತ್ರ ಅವಳದ್ದೇ. ಕೇಳುವ, ಯಾಕೆ ಬೇಡ ಅಂತ.”

ಬಂದು ಅವಳ ಪಕ್ಕ ಕೂತರು. ಮಂಡಿ ಎರಡೂ ಸದ್ದು ಮಾಡಿದವು. ನಂದನಾ ಸೂರು ನೋಡುತ್ತಾ ಮೆಲ್ಲಗೆ ಹೇಳಿದಳು: “ಅದನ್ನು ಕಟ್ಟಿದರೆ ಕನಸು ಬರುವುದಿಲ್ಲ. ನಾನು ನಡೆಯುವುದು ಅಲ್ಲಿ ಮಾತ್ರ.”

ಹಾಲಿನಲ್ಲಿ ಇದ್ದವರೆಲ್ಲ ಓದಿದವರೇ. ಎಲ್ಲರೂ ಮತ್ತಾಯಿ ಡಾಕ್ಟರರ ಮುಖ ನೋಡಿದರು. ನಾನೂ ನೋಡಿದೆ.

“ಕನಸು ಬರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ ಮಾರಾಯ್ತಿ” ಎಂದರು ಡಾಕ್ಟರು. “ಇಷ್ಟು ಜನಕ್ಕೆ ಕೊಟ್ಟೆ, ಕೇಳಲೇ ಇಲ್ಲ. ತಡಿ, ನೋಡುವ.”

ಕಪಾಟಿನಿಂದ ತನ್ನ ಅಳತೆಯ ಮಾಸ್ಕ್ ಒಂದನ್ನು ತಂದರು. ಷೂ ಬಿಚ್ಚಿದರು, ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗಿತ್ತು. ಚಾಪೆಯ ಮೇಲೆ ಅವಳ ಪಕ್ಕದಲ್ಲೇ ಉದ್ದಕ್ಕೆ ಮಲಗಿ ಯಂತ್ರ ಹಾಕಿಸಿಕೊಂಡರು. ನಾಟಕ ಎಂದುಕೊಂಡೆ. ಅಲ್ಲ. ಸ್ವಲ್ಪ ಹೊತ್ತಿಗೆ ಬಾಯಿ ತೆರೆಯಿತು, ಗೊರಕೆ ಶುರುವಾಯಿತು, ಕೆನ್ನೆಗೆ ಜೊಲ್ಲು ಇಳಿಯಿತು. ಅಂಥ ಜೊಲ್ಲನ್ನು ಯಾರೂ ನಟಿಸಲಾರರು. ಹೊರಗೆ ಹಲಸಿನ ಮರದ ನೆರಳು ನೆಲದ ಮೇಲೆ ತೂಗುತ್ತಿತ್ತು. ಯಂತ್ರ ಉಸಿರು ತೆಗೆದುಕೊಂಡು ಬಿಡುವ ಸದ್ದು ದಡಕ್ಕೆ ನೀರು ಬಂದು ಹೋದ ಹಾಗೆ. ಎಲುಬಿನವರು ಬಂದು ನೋಡಿ, ಅಲ್ಲೇ ಸ್ಟೂಲು ಎಳೆದು ಕೂತರು. ನಂದನಾ ಕಣ್ಣು ಮಿಟುಕಿಸದೆ ಆ ದೊಡ್ಡ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಿದ್ದಳು. ನಮ್ಮೆಲ್ಲರನ್ನೂ ಆ ಹೊಟ್ಟೆಯೇ ದೋಣಿಯ ಹಾಗೆ ಎಲ್ಲಿಗೋ ತೇಲಿಸಿಕೊಂಡು ಹೋದಂತೆ ಅನಿಸಿತು. ನನಗೂ ತೂಕಡಿಕೆ ಬಂತು.

ಎದ್ದಾಗ ಅವರಿಗೆ ತಾನೆಲ್ಲಿದ್ದೇನೆಂದೇ ತಿಳಿಯಲಿಲ್ಲ.

“ಎಂದಾ ಕಂಡದ್?” ಎಂದು ನಂದನಾ ಕೇಳಿದಳು. ಏನು ಕಂಡಿರಿ?

“ಮಂಗಳೂರಿನ ಹಾಸ್ಟೆಲು. ಊಟಕ್ಕೆ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಮೀನು ಮುಗಿಯಿತು.” ಅವರ ಮುಖದಲ್ಲಿ ನಿಜವಾದ ದುಃಖ ಇತ್ತು.

ಹುಡುಗಿ ನಕ್ಕಳು. ನಕ್ಕು ಕೆಮ್ಮಿದಳು. “ಒಳ್ಳೆ ಕೆಮ್ಮು” ಎಂದರು ಡಾಕ್ಟರು. ಅವಳು ತನ್ನ ಮಾಸ್ಕ್ ಕೊಡಿ ಎಂದಳು.

ಎಲ್ಲ ಅಲ್ಲಿಗೇ ಸುಖವಾಗಲಿಲ್ಲ. ಮೊದಮೊದಲು ಕನಸು ಬರಲೇ ಇಲ್ಲ. ಬೆಳಿಗ್ಗೆ ಎದ್ದವಳೇ ಫೋನು ಹಿಡಿದು ಡಾಕ್ಟರರಿಗೆ ಬಯ್ಯುತ್ತಿದ್ದಳು. “ಹೊಸ ರಸ್ತೆ ಅಲ್ವಾ, ಅದಕ್ಕೂ ದಾರಿ ಗೊತ್ತಾಗ್ಲಿ” ಎನ್ನುತ್ತಿದ್ದರು ಅವರು. ಬಂದಾಗ ಕನಸು ಬೇರೆಯಾಗಿತ್ತು: ಅದರಲ್ಲಿ ಅವಳ ಗಾಲಿ ಕುರ್ಚಿಯೂ ಇತ್ತು. ಅದನ್ನು ಕೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಬೇಡದಿದ್ದರೂ ತೆಂಗಿನಕಾಯಿ ತುರಿದೆ. ಡಾಕ್ಟರು ಕೇಳಿದ್ದು ಎರಡೇ: “ನೀರಿನ ಮೇಲೆ ಓಡ್ತದಾ?” ಓಡ್ತದೆ. “ಕುತ್ತಿಗೆಗೆ ನೀರು?” ಇಲ್ಲ. “ಹಾಗಾದ್ರೆ ಎಲುಬಿನವರಿಗೆ ಹೇಳ್ತೇನೆ.”

ಆಪರೇಷನ್ ಆಯಿತು. ಅದರ ನಂತರ ಹೋದಾಗ ನಂದನಾ ಕಂಬದ ಹಾಗೆ ಕೂತಿದ್ದಳು. ಮತ್ತಾಯಿ ಡಾಕ್ಟರು ಅವಳ ಪಕ್ಕ ಸ್ಟೂಲಿನಲ್ಲಿ ಕೂತು ಭುಜಕ್ಕೆ ಭುಜ ಅಳೆದರು. “ನನ್ನನ್ನು ಮೀರ್ತೀ ಮಾರಾಯ್ತಿ.” ಹೊರಡುವಾಗ ನನಗೆ ಹೇಳಿದರು, “ಅಮ್ಮಚ್ಚೀ, ಒಂದು ದಿನ ನೀವೂ ಮಾಸ್ಕ್ ಹಾಕಿ ಮಲಗಿ ನೋಡಿ. ಇವಳು ಹೇಳುವುದು ಅರ್ಥ ಆಗ್ತದೆ.” “ನನಗೆ ಎಂಥ ರೋಗ?” ಎಂದೆ. ಅದೇ ನಾನು ಅವರಿಗೆ ಹೇಳಿದ ಕಡೆಯ ಮಾತು.

ಮುಂದಿನ ಸಲ ಚಾಪೆಯ ಹತ್ತಿರ ಒಬ್ಬಳು ಎಳೆಯ ಡಾಕ್ಟರು ಬಂದು ಕೂತಳು. ಒಳ್ಳೆಯವಳೇ. ಕೆಮ್ಮು ಕೇಳಲಿಲ್ಲ. ನರ್ಸಮ್ಮ ನನ್ನನ್ನು ಬದಿಗೆ ಕರೆದು ಹೇಳಿದಳು: ಸಾರ್ ಮನೆಯಲ್ಲಿ ಊಟ ಮಾಡಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ರೈಲಿನಲ್ಲಿ ವಾಪಸು ಹೊರಟೆವು. ಕೊಲ್ಲಂ ದಾಟುವಾಗ ಹಿನ್ನೀರಿನ ಕಾಯಲು ಕಿಟಕಿಯ ತನಕ ಬಂತು. ನಂದನಾ ಅದನ್ನೇ ನೋಡುತ್ತಾ, “ಈಗ ಅವರ ಸರದಿಗೆ ಮೀನು ಸಿಕ್ಕಿರಬಹುದು” ಎಂದಳು. ಕನ್ನಡದಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಅವಳ ಮಾಸ್ಕನ್ನು ಸೋಪು ನೀರಿನಲ್ಲಿ ತೊಳೆದೆ, ಬಟ್ಟೆಯಲ್ಲಿ ಒರೆಸಿದೆ. ಆರಲು ಇಡಲಿಲ್ಲ. ಅವಳ ಮಂಚದ ಪಕ್ಕ ಚಾಪೆ ಹಾಸಿ ಮಲಗಿ ನನ್ನ ಮೂಗಿಗೆ ಕಟ್ಟಿಕೊಂಡೆ. ಮೇಲಿಂದ ನಂದನಾ ಹೇಳಿಕೊಟ್ಟಳು, “ಬಾಯಿ ಮುಚ್ಚು ಅಜ್ಜಿ. ಜಗಳ ಮಾಡಬೇಡ ಅದರ ಹತ್ತಿರ.” ಗಾಳಿ ಬಂತು. ಆ ದಿನ ಮನೆಯಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ದೋಸೆ ಸಿಗಲಿಲ್ಲ.