ಅತ್ತೆ ಫೋನ್ ತಿರುಗಿಸಿದ ಕಡೆ

ಇವತ್ತು ಬೆಳಿಗ್ಗೆ ಫೋನನ್ನು ಕಿವಿಗಿಟ್ಟುಕೊಂಡರೆ ಗಮ್ಮೆಂದು ಬೆಳ್ಳುಳ್ಳಿಯ ವಾಸನೆ. ಆ ಕಡೆ ಮಾತಾಡುತ್ತಿದ್ದವರು ಗ್ಯಾಸ್ ಏಜೆನ್ಸಿಯವರು. ಅವರಿಗೂ ಬೆಳ್ಳುಳ್ಳಿಗೂ ಸಂಬಂಧವಿಲ್ಲ. ಒಗ್ಗರಣೆಗೆ ಸುಲಿಯುತ್ತಾ ಕೂತಿದ್ದ ಅತ್ತೆ ನಡುವೆ ಎದ್ದು ಏನನ್ನೋ ವಿಡಿಯೊ ಮಾಡಿದ್ದಾರೆ ಎಂದು ತಕ್ಷಣ ಗೊತ್ತಾಯಿತು. ತೆರೆದು ನೋಡಿದೆ. ನೀರಿನ ತೊಟ್ಟಿಯ ಮೇಲೆ ಕೂತ ಒಂದು ಕಾಗೆ. ಕಾಗೆ ಹಾರಿಹೋದ ಮೇಲೂ ವಿಡಿಯೊ ನಿಂತಿಲ್ಲ. ಅದು ಹೋದ ದಿಕ್ಕಿನ ಆಕಾಶವನ್ನು ಬಹಳ ಹೊತ್ತು ತೋರಿಸಿದೆ. ಮೂಲೆಯಲ್ಲಿ ಮಾಮೂಲಿನಂತೆ ಅವರ ಹೆಬ್ಬೆರಳು ಕೆಂಪಗೆ ಅಡ್ಡ ಬಂದಿದೆ.

ನೀವು ನಗಬಹುದು, ನಗಿ. ನಾನಂತೂ ಆ ಹೆಬ್ಬೆರಳಿಗೆ ಕೈಮುಗಿಯುವವಳು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನನಗೆ ನೇರವಾಗಿ ಹೇಳಿ ಅಭ್ಯಾಸವಿಲ್ಲ, ಸುತ್ತಿ ಬಳಸಿ ಬರುತ್ತೇನೆ. ಜೊತೆಗೆ ಬನ್ನಿ.

ಮದುವೆಗೆ ಮುಂಚೆ ನಾನು ಹಾಸನದಲ್ಲಿ ಭರತನಾಟ್ಯ ಕಲಿತವಳು. ಗಂಡನ ಮನೆಯವರೂ ಮೂಲದಲ್ಲಿ ನಮ್ಮ ಕಡೆಯವರೇ. ಮಾವನವರು ಲಾರಿ ಓಡಿಸುತ್ತಾ ಓಡಿಸುತ್ತಾ ಕುಶಾಲನಗರದ ಕಡೆಗೆ ಬಂದು, ಕೊನೆಗೆ ನೆಲ್ಯಹುದಿಕೇರಿಯಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಶುಂಠಿ ಅಂತ ಮಾಡಿಕೊಂಡು ನೆಲೆನಿಂತರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರಿರಲಿಲ್ಲ. ಅತ್ತೆ ಇದ್ದರು, ಈಗಲೂ ಇದ್ದಾರೆ, ಗಟ್ಟಿಮುಟ್ಟಾಗಿ, ದಿನಕ್ಕೊಂದು ಜಗಳ ತೆಗೆಯುವಷ್ಟು ಆರೋಗ್ಯವಾಗಿ.

ಯಾರೂ ನನಗೆ ಕುಣಿಯಬೇಡ ಅನ್ನಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕಥೆಗಳಲ್ಲಿ ಯಾರೋ ಒಬ್ಬರು ಗೆಜ್ಜೆಯನ್ನು ಬಾವಿಗೆಸೆಯಬೇಕು ಎಂಬ ನಿಯಮವಿದ್ದಂತಿದೆ. ನಮ್ಮನೆಯಲ್ಲಿ ಎಸೆಯುವುದಕ್ಕೆ ಬಾವಿಯೂ ಇರಲಿಲ್ಲ, ಬೋರ್‌ವೆಲ್. ಮಗು ಹುಟ್ಟಿತು, ಮನೆ ಕಟ್ಟಿದೆವು, ಶುಂಠಿಗೆ ಕೊಳೆರೋಗ ಬಂತು, ಹೋಯಿತು. ಗೆಜ್ಜೆ ತಾನೇ ತಾನಾಗಿ ಅಟ್ಟ ಸೇರಿತು. ಅದನ್ನು ಕೆಳಗಿಳಿಸಿ ಮತ್ತೆ ಕಟ್ಟಿಕೊಂಡಾಗ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು.

ಕುಣಿಯುವುದು ಮನೆ ಮುಂದಿನ ಕಣದಲ್ಲಿ. ಕಾಫಿ ಒಣಗಿಸುವ ಸಿಮೆಂಟ್ ಕಣ; ಕಾಫಿಯೂ ಮೆಣಸೂ ಇಲ್ಲದ ತಿಂಗಳುಗಳಲ್ಲಿ ಅದು ನನ್ನ ರಂಗಮಂಟಪ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಕಣ ನಿಜವಾಗಿಯೂ ಡೊಂಕು, ಮಳೆನೀರು ಹರಿದು ಹೋಗಲಿ ಅಂತ ಇಳಿಜಾರಾಗಿಯೇ ಹಾಕಿಸಿದ್ದು. ಆದರೂ ನಾನು ನೆಲವನ್ನು ದೂರಲಿಲ್ಲ. ಕಾಲು ಬೇಗ ಎಲ್ಲವನ್ನೂ ನೆನಪಿಸಿಕೊಂಡಿತು. ನೆನಪಿಸಿಕೊಳ್ಳದೆ ಹಟ ಹಿಡಿದದ್ದು ಕಣ್ಣು.

ನನ್ನ ಗುರುಗಳು ಹೇಳುತ್ತಿದ್ದರು: “ನೀನು ನೋಡಿದ್ದು ಎದುರಿಗೆ ಕೂತವರಿಗೆ ಕಾಣಬೇಕು. ಕಾಣದಿದ್ದರೆ ಅದು ನೋಟ ಅಲ್ಲ, ಬರೀ ಕಣ್ಣು ಬಿಡೋದು.” ನನ್ನಿಂದ ಈಗ ಆಗುತ್ತಿದ್ದದ್ದು ಬರೀ ಕಣ್ಣು ಬಿಡುವುದು. ದಾರಿ ಕಾಯುವ ನಾಯಕಿಯ ಪದ ಹಾಕಿಕೊಂಡು ಗೇಟಿನ ಕಡೆ ನೋಡಿದರೆ ನನಗೇ ಅಲ್ಲಿ ಗೇಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಬಿಟ್ಟ ತಪ್ಪಿಗೆ ಆ ನೋಟ ನನ್ನಿಂದ ಹೊರಟೇಹೋಯಿತೇನೋ ಎಂಬ ಹೆದರಿಕೆ ಹತ್ತಿತ್ತು. ಅಷ್ಟರಲ್ಲಿ ನನ್ನ ಜೊತೆ ಕಲಿತ ಗೆಳತಿಯೊಬ್ಬಳು ಮೈಸೂರಿನಿಂದ ಫೋನ್ ಮಾಡಿದಳು. ಅವಳು ಸಣ್ಣ ಸಣ್ಣ ನೃತ್ಯ ಕಾರ್ಯಕ್ರಮಗಳನ್ನು ನಡೆಸುವವಳು. “ಒಂದು ವಿಡಿಯೊ ಕಳಿಸೇ, ನೋಡೋಣ” ಎಂದಳು. ಅವಳಿಗೂ ಏನೂ ಕಾಣದಿದ್ದರೆ ಗೆಜ್ಜೆಯನ್ನು ಮತ್ತೆ ಅಟ್ಟಕ್ಕೆ ಹಾಕಿ ಏಣಿಯನ್ನೂ ಯಾರಿಗಾದರೂ ಕೊಟ್ಟುಬಿಡುವುದು ಅಂತ ನಿರ್ಧರಿಸಿಕೊಂಡೆ.

ಮೊದಲು ವಿಡಿಯೊ ಮಾಡಲು ನಿಂತವರು ನಮ್ಮ ಯಜಮಾನರು. ಪಂಪ್‌ಸೆಟ್ ರಿಪೇರಿ ಮಾಡುವ ಅವರ ಕೈ ಬಂಡೆಯಂತೆ ಸ್ಥಿರ, ದೂರವೂ ಅಷ್ಟೇ. ಇಡೀ ಮನೆ, ತೆಂಗಿನ ಮರ, ಸ್ಕೂಟರು ಎಲ್ಲವೂ ಬಂದು ನಡುವೆ ಕಡ್ಡಿಯಷ್ಟು ನಾನು. ಅಲ್ಲದೆ ಅವರದೇ ಫೋನು. ನಾಯಕಿಯ ವಿರಹ ತುಟ್ಟತುದಿಗೆ ಬರುವಷ್ಟರಲ್ಲಿ ಯಾರದೋ ಮೋಟರು ಸುಟ್ಟು ಹೋಗಿರುತ್ತಿತ್ತು. ಮೂರನೆಯ ಸಲ ಹೀಗಾದಾಗ ಅವರು ಫೋನನ್ನು ತಾಯಿಯ ಕೈಗೆ ಕೊಟ್ಟು, “ಈ ಕೆಂಪು ಗುಂಡಿ ಒತ್ತವ್ವ, ಅಷ್ಟೆ” ಎಂದು ಸ್ಕೂಟರ್ ಹತ್ತಿಬಿಟ್ಟರು.

“ನಂಗ್ಯಾಕೋ ಇದೆಲ್ಲ, ಮಂಗನ ಕೈಗೆ ಮಾಣಿಕ್ಯ ಕೊಟ್ಟಂಗೆ” ಎಂದು ಅತ್ತೆ ಗೊಣಗಿದರು. ಆದರೂ ಸೆರಗು ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಫೋನ್ ಹಿಡಿದರು, ತುಂಬಿದ ಮಜ್ಜಿಗೆ ಪಾತ್ರೆಯನ್ನು ಹಿಡಿಯುವ ಹಾಗೆ.

ಪದ ಶುರುವಾಯಿತು. ಕಾದು ಕಾದು ಸೋತ ನಾಯಕಿಗೆ ಹಠಾತ್ತನೆ ಏನೋ ಸದ್ದಾಗುತ್ತದೆ, ಅವನು ಬಂದನೇ ಎಂದು ಬೆಚ್ಚಿ ನೋಡುತ್ತಾಳೆ. ನಾನು ಬೆಚ್ಚಿ, ಕಣ್ಣರಳಿಸಿ, ಬಲಗಡೆಯ ಕಾಫಿ ಗಿಡಗಳ ಕಡೆ ನೋಡಿದೆ.

ಇಲ್ಲಿ ನಮ್ಮೂರಿನ ಬಗ್ಗೆ ಒಂದು ಮಾತು. ಇಲ್ಲಿ ಯಾರಾದರೂ ತೋಟದ ಕಡೆ ಬೆಚ್ಚಿ ಕಣ್ಣರಳಿಸಿದರೆ ಅದಕ್ಕೆ ಒಂದೇ ಅರ್ಥ. ಶೃಂಗಾರ, ವಿರಹ ಇವೆಲ್ಲ ಆಮೇಲೆ.

“ಆನೆ ಬಂತೇನವ್ವಾ?” ಅತ್ತೆ ಕಿರುಚಿದರು. ಫೋನ್ ಗಿರ್ರನೆ ತೋಟದ ಕಡೆ ತಿರುಗಿತು. ಬೇಲಿಯಾಚೆಯ ಸೈನಬಾ, ಅವಳ ಮನೆಮಾತು ಮಲಯಾಳ, ಆದರೆ ಆನೆ ಎಂಬ ಶಬ್ದಕ್ಕೆ ಯಾವ ಭಾಷೆಯೂ ಅಡ್ಡಿಯಿಲ್ಲ, ಓಡಿ ಬಂದಳು. “ಎಲ್ಲಿ ಅಮ್ಮ, ಎಲ್ಲಿ? ನಮ್ಮ ಸೈಡಿಗೆ ಬಂತಾ?” ಎಂದು ಮಕ್ಕಳನ್ನು ಒಳಗೆ ದಬ್ಬಿ ಬಾಗಿಲು ಹಾಕಿದಳು. ಅತ್ತೆ ಇನ್ನೂ ಗಿಡಗಳನ್ನೇ ದಿಟ್ಟಿಸುತ್ತಿದ್ದರು. ಹಾಡು ತನ್ನ ಪಾಡಿಗೆ ಹಾಡುತ್ತಿತ್ತು.

“ಏನೂ ಇಲ್ವಲ್ಲವ್ವ! ಮತ್ಯಾಕಂಗೆ ನೋಡ್ದೆ?”

“ಅತ್ತೆ, ಅದು ನಾಟ್ಯ!”

“ಮೊದ್ಲೇ ಹೇಳ್ಬಾರ್ದಾ? ಎದೆ ಒಡ್ದೋಗಿತ್ತು.”

ನನಗೆ ಅಳುವೇ ಬಂತು. ಅವತ್ತು ಬೆಳಕು ಚೆನ್ನಾಗಿತ್ತು, ಸೀರೆ ಚೆನ್ನಾಗಿ ನಿಂತಿತ್ತು, ಎಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಳಿಸಿಹಾಕೋಣ ಅಂತ ಸಂಜೆ ವಿಡಿಯೊ ತೆರೆದೆ. ತೆರೆದವಳು ಹಾಗೇ ನೋಡುತ್ತಾ ಕೂತೆ.

ಮೊದಲು ನಾನು ಇದ್ದೇನೆ, ಸಾಧಾರಣವಾಗಿ. ಆಮೇಲೆ ಆ ನೋಟ. ತಕ್ಷಣ ನಾನು ಇಲ್ಲ; ಕಾಫಿ ಗಿಡಗಳು ಮಾತ್ರ. ಹಿಡಿದವರ ಉಸಿರು ಕೇಳಿಸುತ್ತಿದೆ. ಒಂದೆಲೆ ಅಲ್ಲಾಡುತ್ತದೆ, ಫೋನ್ ಅಲ್ಲಿಗೆ ಹೋಗುತ್ತದೆ. ಗಿಡಗಳ ನಡುವಿನ ಕತ್ತಲೆಯೊಳಗೆ ಹುಡುಕುತ್ತದೆ. ಈಗ ಬಂದಾನು, ಈಗ ಬಂದಾನು ಎಂದು ನನ್ನ ಮೈಯೇ ಜುಮ್ಮೆಂದಿತು. ಅಲ್ಲಿ ಏನೂ ಇಲ್ಲವೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು, ಆದರೂ ಕಾದೆ. ಅದನ್ನೇ ಗೆಳತಿಗೆ ಕಳಿಸಿದೆ.

ಅವಳು ಮಾರನೆಯ ದಿನ ಫೋನ್ ಮಾಡಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, “ಲೇ, ನಿನ್ನ ಅತ್ತೆ ಆನೆ ಹುಡುಕಿದ್ದು ನಿನ್ನ ಕಣ್ಣನ್ನು ನಂಬಿ ಕಣೇ. ಇನ್ನೇನು ಬೇಕು ನಿನಗೆ?” ಎಂದಳು.

ನಾನು ಕರೆದದ್ದು ನಾಯಕನನ್ನು, ಅತ್ತೆಗೆ ಬಂದದ್ದು ಆನೆ. ಪರವಾಗಿಲ್ಲ, ಯಾರೋ ಒಬ್ಬರು ಬಂದರಲ್ಲ! ನನ್ನ ನೋಟ ಇನ್ನೂ ಒಬ್ಬರ ತಲೆಯನ್ನು ತಿರುಗಿಸಬಲ್ಲದು ಎಂದು ಗೊತ್ತಾದ ಆ ದಿನದ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ. ಅವತ್ತು ಅತ್ತೆಗೆ ಇಷ್ಟವೆಂದು ಅಕ್ಕಿರೊಟ್ಟಿ ಮಾಡಿದೆ, ಕಾರಣ ಹೇಳಲಿಲ್ಲ.

ಅಲ್ಲಿಂದ ಶುರುವಾದದ್ದು ಈಗ ನಾನು ಮಾಡುತ್ತಿರುವ ನೃತ್ಯ ಸಂಯೋಜನೆ. ನರ್ತಕಿ ಒಂದು ಕಡೆ, ಅವಳ ಪಕ್ಕದಲ್ಲಿ ಪರದೆ. ಅವಳು ಎಲ್ಲಿ ನೋಡುತ್ತಾಳೋ ಪರದೆ ಅಲ್ಲಿಗೆ ಹೋಗುತ್ತದೆ. ಹೇಳಲು ಸುಲಭ. ಮಾಡುವಾಗ ಮೊದಲು ನಾನು ಜಾಣತನ ಮಾಡಿದೆ. ಎಲ್ಲೆಲ್ಲಿ ತಿರುಗಿಸಬೇಕೆಂದು ಅತ್ತೆಗೆ ಪಾಠ ಹೇಳಿಕೊಟ್ಟೆ. ಅವರು ಪರೀಕ್ಷೆಗೆ ಕೂತ ಹುಡುಗಿಯಂತಾದರು. ನಾನು ನೋಡುವ ಮುಂಚೆಯೇ ಫೋನ್ ತಿರುಗುತ್ತಿತ್ತು. ವಿಡಿಯೊ ತುಂಬಾ “ಈಗ್ಲಾ? ಈಗ್ ತಿರುಗುಸ್ಲಾ?” ಎಂಬ ದನಿ. ಪರದೆಯ ಮೇಲೆ ಗೇಟು ಬರೀ ಗೇಟಾಗಿ, ಗಿಡ ಬರೀ ಗಿಡವಾಗಿ ನಿಂತುಬಿಟ್ಟವು.

ಕೊನೆಗೆ ಪಾಠವನ್ನು ಬಿಟ್ಟೆ. “ಅತ್ತೆ, ಅಲ್ಲೇನೋ ಐತೆ ಅಂತ ನಿಮಗನ್ನಿಸಿದರೆ ಮಾತ್ರ ತಿರುಗಿಸಿ” ಎಂದೆ. ಅವರಿಗೆ ಅದು ಸರಿಹೋಯಿತು. ಸರಿಹೋಗದ್ದು ನನಗೆ. ಯಾಕೆಂದರೆ ಮನಸ್ಸು ಬೇರೆಲ್ಲೋ ಇಟ್ಟುಕೊಂಡು ತಾಳ ಲೆಕ್ಕ ಹಾಕುತ್ತಾ ಕುಣಿದ ದಿನ ಫೋನ್ ಅಲುಗುತ್ತಲೇ ಇರಲಿಲ್ಲ. “ಇವತ್ತು ನೀನು ಗೋಡೆ ನೋಡ್ದೆ ಬಿಡು” ಎಂದು ಎದ್ದು ಹೋಗುತ್ತಿದ್ದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮ ಕಣದಲ್ಲಿ ಯಾವತ್ತೂ ಅತ್ತೆಯದೇ ಕಾಲ. ಆದರೆ ಆ ಫೋನ್ ತಿರುಗಿದ ದಿನಗಳಲ್ಲಿ ಊಟ ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು. ಅವರು ಹಾಗೆ ತಿರುಗಿಸಿ ತಿರುಗಿಸಿ ಹಿಡಿದ ನಮ್ಮ ಹಿತ್ತಲು, ಸೈನಬಾಳ ಬಟ್ಟೆ ತಂತಿ, ಗದ್ದೆಯಾಚೆ ಹೊಳೆಯುವ ಕಾವೇರಿ ಇವೆಲ್ಲ ನನ್ನ ಪದದೊಳಗೆ ತಾವಾಗಿ ಬಂದು ಕೂತವು.

ಗೆಳತಿ ಕಾರ್ಯಕ್ರಮವನ್ನು ಕುಶಾಲನಗರದ ಒಂದು ಸಣ್ಣ ಸಭಾಂಗಣದಲ್ಲಿ ಇಟ್ಟಳು. ಮೊದಲೇ ಮಾಡಿದ ವಿಡಿಯೊ ಬೇಡ, ಅತ್ತೆ ಅಲ್ಲೇ ಬಂದು ಹಿಡಿಯಲಿ, ಅದೇ ನೇರವಾಗಿ ಪರದೆಗೆ ಬರಲಿ ಎಂದು ಅವಳದೇ ಹಟ. ಸಭಾಂಗಣವನ್ನು ಹೋಗಿ ನೋಡಿದೆ. ನಮ್ಮ ಕಣದಲ್ಲಿ ನೋಡಲು ಗೇಟಿತ್ತು, ತೋಟವಿತ್ತು, ಹೊಳೆಯಿತ್ತು, ಆನೆಯೂ ಇರಬಹುದಿತ್ತು. ಇಲ್ಲಿ ಪ್ಲಾಸ್ಟಿಕ್ ಕುರ್ಚಿ ಮತ್ತು ಫ್ಯಾನು. ಅತ್ತೆ ಇಲ್ಲಿ ಏನಿದೆಯೆಂದು ತಿರುಗಿಸುತ್ತಾರೆ? ತಿರುಗಿಸದಿದ್ದರೆ ಇಷ್ಟು ಜನರ ಎದುರು ನನ್ನ ಮುಖ ಪರದೆಯ ಮೇಲೆ ದೊಡ್ಡದಾಗಿ, ಖಾಲಿಯಾಗಿ ನಿಂತಿರುತ್ತದೆ. ಅತ್ತೆ ಮಾತ್ರ ರೇಷ್ಮೆ ಸೀರೆಯುಟ್ಟು ವೇದಿಕೆಯ ಅಂಚಿನಲ್ಲಿ ಸ್ಟೂಲ್ ಹಾಕಿಸಿಕೊಂಡು ಗಂಭೀರವಾಗಿ ಕೂತಿದ್ದರು.

ಪದ ಅರ್ಧಕ್ಕೆ ಬಂತು. ಫೋನ್ ಅಲುಗಿರಲಿಲ್ಲ. ಪರದೆಯ ತುಂಬಾ ನಾನೇ. ಆಗ ತಾಳ, ಜನ, ಪರದೆ ಎಲ್ಲವನ್ನೂ ಬಿಟ್ಟೆ. ಸಭಾಂಗಣದ ಹಿಂದಿನ ಬಾಗಿಲು ಸೆಕೆಗೆ ತೆರೆದಿತ್ತು. ಅದರ ಕಡೆ ನೋಡಿದೆ. ಬರುವವರು ಬರುವುದಾದರೆ ಅಲ್ಲಿಂದಲೇ ಬರಬೇಕು ಅನ್ನಿಸಿತು, ನೋಡಿದೆ, ಅಷ್ಟೆ.

ಅತ್ತೆ ಎದ್ದರು. ಫೋನನ್ನು ಬಾಗಿಲ ಕಡೆ ತಿರುಗಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ; ವೇದಿಕೆಯ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ನಡೆಯುತ್ತಾ, ಬಾಗಿಲು ದಾಟಿ ಹೊರಗೆ ಹೋಗಿಯೇಬಿಟ್ಟರು. ಪರದೆಯ ಮೇಲೆ ಬಾಗಿಲು ಹತ್ತಿರವಾಯಿತು, ಕಾಂಪೌಂಡು ಬಂತು, ರಸ್ತೆ ಬಂತು. ಫೋನ್ ದೂರ ಹೋದಂತೆ ಚಿತ್ರ ತುಂಡು ತುಂಡಾಗತೊಡಗಿತು. ಒಂದು ಲಾರಿ ಬರುತ್ತಿತ್ತು. ಫೋನ್ ಅದು ಹತ್ತಿರ ಬರುವವರೆಗೂ ಕಾಯಿತು, ದಾಟಿ ಹೋಗುವವರೆಗೂ ನೋಡಿತು. ಸಭೆಯಲ್ಲಿ ಮೊದಲು ಸಣ್ಣ ನಗು ಎದ್ದಿತ್ತು. ಆ ಲಾರಿ ಹೋದ ಮೇಲೆ ಯಾರೂ ನಗಲಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆ ಸಂಜೆಯಾದರೆ ರಸ್ತೆಬದಿಗೆ ಹೋಗಿ ನಿಲ್ಲುತ್ತಿದ್ದರಂತೆ, ಮಾವನವರ ಲಾರಿ ಯಾವುದು ಅಂತ ಸದ್ದಿನಲ್ಲೇ ಗೊತ್ತಾಗುತ್ತಿತ್ತಂತೆ. ಇದನ್ನು ಅವರು ಯಾವಾಗಲೋ ಶುಂಠಿ ತೊಳೆಯುವಾಗ ಹೇಳಿದ್ದರು. ವೇದಿಕೆಯ ಮೇಲೆ ನಿಂತು ನಾನು ಕಾಯುತ್ತಿದ್ದೆ. ಅಭಿನಯವಲ್ಲ, ನಿಜವಾಗಿ ಕಾಯುತ್ತಿದ್ದೆ.

ಅವರು ವಾಪಸು ಬಂದರು. ಪರದೆಯಲ್ಲಿ ದೂರದ ವೇದಿಕೆ, ಅದರ ಮೇಲೆ ಪುಟ್ಟದಾಗಿ ನಾನು. ನಡೆದು ಬಂದಂತೆ ದೊಡ್ಡವಳಾದೆ. ಮೆಟ್ಟಿಲ ಬುಡದಲ್ಲಿ ನಿಂತು, ಮನೆಯಲ್ಲಿ ಮಾತಾಡುವಷ್ಟೇ ಸಹಜವಾಗಿ, ಇಡೀ ಸಭೆಗೆ ಕೇಳುವಂತೆ ಅಂದರು:

“ಯಾರೂ ಕಾಣಾಕಿಲ್ಲ ಕಣವ್ವಾ. ಬತ್ತಾರೆ, ಕಾಯಿ.”

ಆಮೇಲೆ ನಾನು ಏನು ಕುಣಿದೆನೋ ನೆನಪಿಲ್ಲ. ಮುಗಿದ ಮೇಲೆ ಗೆಳತಿ ಬಂದು ನನ್ನನ್ನು ತಬ್ಬಿಕೊಳ್ಳುವ ಮೊದಲು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಕೇಳಿದ್ದು ಒಂದೇ: “ಬಸ್ಸು ಎಷ್ಟೊತ್ತಿಗೆ?”

ಈಗ ನನ್ನ ಹತ್ತಿರ ಸೋಮವಾರಪೇಟೆಯಿಂದ, ಕುಶಾಲನಗರದಿಂದ ಕೆಲವು ಹುಡುಗಿಯರು ಕಲಿಯಲು ಬರುತ್ತಾರೆ. ಒಳ್ಳೊಳ್ಳೆ ಕ್ಯಾಮೆರಾ ತರುತ್ತಾರೆ, ನಾನು ಅವರಿಂದ ಎಡಿಟಿಂಗ್ ಕಲಿತಿದ್ದೇನೆ. ಆದರೂ ಹೊಸದೇನನ್ನಾದರೂ ಕಟ್ಟುವಾಗ ಮೊದಲು ಅತ್ತೆಯ ಎದುರು ಕುಣಿಯುತ್ತೇನೆ. ಇವತ್ತೂ ಅಷ್ಟೆ. ಕೆಲಸವೆಲ್ಲ ಮುಗಿಸಿ, ಆ ಹಳೆಯ ಪದವನ್ನೇ ಮತ್ತೆ ಎತ್ತಿಕೊಂಡೆ. ಗೇಟಿನ ಕಡೆ ನೋಡಿದೆ. ಎದೆ ತುಂಬಿ ಬಂದಿತ್ತು, ಇಷ್ಟು ಚೆನ್ನಾಗಿ ಎಂದೂ ನೋಡಿರಲಿಲ್ಲ ಅನ್ನಿಸಿತ್ತು. ಆದರೆ ಫೋನ್ ಅಲುಗಲಿಲ್ಲ. ಪದ ಮುಗಿಯುವವರೆಗೂ ನನ್ನ ಮೇಲೇ ನಿಂತಿತ್ತು.

ನನಗೆ ಕಣ್ಣೀರು ಒತ್ತಿಕೊಂಡು ಬಂತು. “ಯಾಕತ್ತೆ, ಇವತ್ತೂ ಗೋಡೆ ನೋಡಿದೆನಾ?” ಎಂದೆ.

ಅತ್ತೆ ಫೋನ್ ಕೆಳಗಿಳಿಸಿ ಸೆರಗಿನಿಂದ ತಮ್ಮ ಕಣ್ಣೊರೆಸಿಕೊಂಡರು.

“ಎಲ್ಲಿಗ್ ತಿರುಗುಸ್ಲವ್ವಾ? ಇವತ್ತು ಅವ್ರು ನಿನ್ ಮಕದಲ್ಲೇ ಬಂದ್ಬುಟ್ಟಿದ್ರು.”