ಪಕ್ಕದ ಮಣೆ

ನಮ್ಮಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಯುದ್ಧ ನಡೆಯುತ್ತಿದ್ದ ವರ್ಷಗಳು. ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮದು ಮೊದಲ ಮನೆ, ನನ್ನ ಗೆಳತಿಯದು ಐದನೆಯದು. ನಡುವೆ ಮೂರೇ ಮನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಬೀದಿಯ ಹೆಂಗಸರೆಲ್ಲ ಸೇರಿ ಅದನ್ನು ಕಾಶಿಯಷ್ಟು ದೂರ ಮಾಡಿಬಿಟ್ಟಿದ್ದರು.

ಮೂರು ವರ್ಷದವಳಿದ್ದಾಗ ಬಂದ ಜ್ವರ ಇಳಿಯುವಾಗ ನನ್ನ ಬಲಗಾಲಿನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಅಪ್ಪ ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಎಣ್ಣೆ ತಿಕ್ಕಿ, ನಡೆಸಿ ಎಂದರು ಡಾಕ್ಟರು. ಮನೆಯಲ್ಲಿ ಎಣ್ಣೆ ತಿಕ್ಕಿದರು, ನಡೆಸುವುದನ್ನು ಮರೆತರು. ಮೊಣಕಾಲಿನ ಮೇಲೆ ಕೈಯೂರಿ ನಡೆಯುವುದನ್ನು ನಾನೇ ಕಲಿತೆ. ಎಂಟು ವರ್ಷಕ್ಕೆ ಹಿತ್ತಿಲಿನ ಸೀಬೆಮರದ ಮೊದಲ ಕೊಂಬೆಯವರೆಗೂ ಹತ್ತುತ್ತಿದ್ದೆ. ಕುಂಟನಿಗೆ ಎಂಟು ಚೇಷ್ಟೆ ಎಂದು ಬೀದಿಯವರು ನಗುತ್ತಿದ್ದರು. ಚೇಷ್ಟೆ ಎಷ್ಟಿತ್ತೋ ಕಾಣೆ, ಆಸೆ ಮಾತ್ರ ಒಂದೇ ಇತ್ತು. ಗೆಳತಿಯ ಹುಟ್ಟುಹಬ್ಬದ ದಿನ ಮಕ್ಕಳ ಸಾಲಿನಲ್ಲಿ ಮಣೆಯ ಮೇಲೆ ಕೂತು ಆರತಿ ಮಾಡಿಸಿಕೊಳ್ಳಬೇಕು.

ಗೆಳತಿಯ ಮನೆಯವರು ಮೈಸೂರು ಕಡೆಯವರು. ಪ್ರತಿ ವರ್ಷ ಅವಳ ಹುಟ್ಟುಹಬ್ಬದ ಸಂಜೆ ಬೀದಿಯ ಮಕ್ಕಳನ್ನೆಲ್ಲ ಸಾಲಾಗಿ ಮಣೆ ಹಾಕಿ ಕೂರಿಸಿ, ಕುಂಕುಮ ಇಟ್ಟು, ಇಬ್ಬರು ಮುತ್ತೈದೆಯರು ತಟ್ಟೆಯ ಎರಡು ಕಡೆ ಹಿಡಿದು ಆರತಿ ಎತ್ತುತ್ತಿದ್ದರು. ಆಮೇಲೆ ಪಾಯಸ. ಬೆಳಿಗ್ಗೆಯೇ ಅವಳ ತಾಯಿ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬರುತ್ತಿದ್ದರು. ಅವ್ವನನ್ನು ಕರೆದು, ನನ್ನ ಕಡೆ ತಿರುಗಿ, “ಪಾಪ, ಇವಳು ಅಷ್ಟು ದೂರ ನಡೆಯೋದು ಬೇಡ. ಇವಳ ಪಾಲು ನಾನೇ ಕಳಿಸ್ಕೊಡ್ತೀನಿ” ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಕೊಂಕಿನಿಂದ ಹೇಳುತ್ತಿಲ್ಲ. ಪಾಯಸ ಒಂದು ವರ್ಷವೂ ತಪ್ಪಲಿಲ್ಲ, ದ್ರಾಕ್ಷಿಯೂ ನನ್ನ ಪಾಲಿಗೆ ಜಾಸ್ತಿಯೇ ಇರುತ್ತಿತ್ತು. ಅವ್ವ ನನ್ನನ್ನು ಬಿಟ್ಟು ಹೋಗಲಾರದೆ ಮನೆಯಲ್ಲೇ ಉಳಿಯುತ್ತಿದ್ದಳು. ನಾನು ಜಗಲಿಯಲ್ಲಿ ಕೂತು, ಐದನೇ ಮನೆಯಿಂದ ತೇಲಿ ಬರುವ ಆರತಿ ಹಾಡು ಕೇಳುತ್ತ ಕಾಯುತ್ತಿದ್ದೆ. ಪಾಯಸ ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು.

ಎಂಟನೇ ವರ್ಷ ಒಂದು ಉಪಾಯ ಹೂಡಿದೆ. ನೆರೆಮನೆಯಿಂದ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಒಂದು ಚಮಚ ಸಕ್ಕರೆಯನ್ನೋ ಚೂರು ಬೆಲ್ಲವನ್ನೋ ಹಾಕಿಯೇ ಕೊಡಬೇಕು. ಹಾಗೆ ಕೊಡಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದೂ ಇಲ್ಲ ಎಂದು ನಾನು ತಿಳಿದಿದ್ದೆ. ಹದಿನೈದು ದಿನ ಮೊದಲು ಅವರ ಮನೆಯಿಂದ ಹುಳಿ ಬಂದಿದ್ದ ಹಿತ್ತಾಳೆ ಪಾತ್ರೆಯನ್ನು ಸೌದೆಯ ಹಿಂದೆ ಬಚ್ಚಿಟ್ಟೆ. ಅವ್ವ ಹುಡುಕಿ ಹುಡುಕಿ ಸೋತಳು. ಹುಟ್ಟುಹಬ್ಬದ ಸಂಜೆ ಅವಳು ನೀರಿಗೆ ಹೋದಾಗ, ಪಾತ್ರೆಗೆ ಒಂದು ಚೂರು ಬೆಲ್ಲ ಹಾಕಿ, ಹಸಿರು ಲಂಗ ಉಟ್ಟು ಹೊರಟೆ.

ಮುಂಬಾಗಿಲಿಗೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಅಲ್ಲಿ ಮೂರು ಮೆಟ್ಟಿಲು, ಕೈಯಲ್ಲಿ ಪಾತ್ರೆ. ಸಾಲದ್ದಕ್ಕೆ, ಪಾತ್ರೆ ಕೊಡುವವರು ಹಿತ್ತಿಲ ಬಾಗಿಲಿಗೇ ಹೋಗುವುದು ನಮ್ಮ ಬೀದಿಯ ರೂಢಿ. ಹಾಗೇ ಹೋದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತರೆ ನಡುಮನೆಯಲ್ಲಿ ಕೂತ ಮಕ್ಕಳ ಬೆನ್ನುಗಳು ಕಾಣುತ್ತಿದ್ದವು. ಗೆಳತಿಯ ಜಡೆಯ ತುಂಬ ಮಲ್ಲಿಗೆ. ಅವಳ ಪಕ್ಕದ ಮಣೆ ಖಾಲಿ ಇತ್ತು. ಯಾರೋ ಇನ್ನೂ ಬರಬೇಕು ಅಂದುಕೊಂಡೆ.

“ಅತ್ತೆ, ಪಾತ್ರೆ” ಎಂದೆ.

ಗೆಳತಿಯ ತಾಯಿ ಗಾಬರಿಯಿಂದ ಬಂದರು. “ಅಯ್ಯೋ ಮಾರಾಯ್ತಿ, ನೀನ್ಯಾಕೆ ಹೊತ್ಕೊಂಡು ಬಂದೆ? ಪಾಯಸ ನಾನೇ ಕಳಿಸ್ತಿದ್ನಲ್ಲ!” ಬೆಲ್ಲ ತೆಗೆದಿಟ್ಟುಕೊಂಡರು. ಅದೇ ಪಾತ್ರೆಯನ್ನು ತೊಳೆದು, ಪಾಯಸ ತುಂಬಿ, ನನ್ನ ಕೈಗೇ ಕೊಟ್ಟರು. “ಕತ್ತಲಾಗೋಕೆ ಮುಂಚೆ ಹುಷಾರಾಗಿ ಹೋಗು ಕಂದ” ಎಂದು ತಲೆ ಸವರಿದರು. ಒಳಗೆ ಹಾಡು ಶುರುವಾಗಿತ್ತು. ಸಾಲಿನಲ್ಲಿ ಯಾರೂ ಹಿಂತಿರುಗಿ ನೋಡಲಿಲ್ಲ.

ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದರಲ್ಲಿ ತುಂಬಿದ ಪಾತ್ರೆ. ಮೂರು ಮನೆ ದಾಟುವಷ್ಟರಲ್ಲಿ ಅರ್ಧ ಪಾಯಸ ಲಂಗದ ಮೇಲಿತ್ತು. ಮೈ ಚುರುಗುಟ್ಟುತ್ತಿತ್ತು. ಅಂತೂ ಆ ವರ್ಷ ನನಗೆ ಬಿಸಿ ಪಾಯಸ ಸಿಕ್ಕಿತು.

ಅವ್ವ ಪಾತ್ರೆ ನೋಡಿದಳು, ನನ್ನನ್ನು ನೋಡಿದಳು, ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಲಂಗ ಬದಲಿಸಿ, ಮಣೆ ಹಾಕಿ ನನ್ನನ್ನು ಕೂರಿಸಿದಳು. ಕುಂಕುಮ ಇಟ್ಟು, ಅರಿಶಿನ ಸುಣ್ಣ ಕದಡಿ, ಬತ್ತಿ ಹಚ್ಚಿ ಆರತಿ ತಟ್ಟೆ ಎತ್ತಿದವಳು ಹಾಗೇ ನಿಂತುಬಿಟ್ಟಳು. ತಟ್ಟೆಯ ಇನ್ನೊಂದು ಕಡೆ ಹಿಡಿಯಲು ಜನವಿಲ್ಲ. ಬೀದಿಯ ಹೆಂಗಸರೆಲ್ಲ ಐದನೇ ಮನೆಯಲ್ಲಿದ್ದರು.

“ನಾನೇ ಹಿಡ್ಕೋತೀನಿ ಬಿಡವ್ವ” ಎಂದು ಎದ್ದು ಆ ಕಡೆ ಹಿಡಿದೆ. ಆಗ ಮಣೆಯ ಮೇಲೆ ಯಾರೂ ಇಲ್ಲ! ಇಬ್ಬರೂ ಖಾಲಿ ಮಣೆ ನೋಡಿ ನಕ್ಕುಬಿಟ್ಟೆವು. ನಗುತ್ತ ನಗುತ್ತಲೇ ಅವ್ವ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಅಂಥ ಸಿಟ್ಟಿನಷ್ಟು ಮನುಷ್ಯರನ್ನು ಒಂಟಿ ಮಾಡುವುದು ಇನ್ನೊಂದಿಲ್ಲ.

ಮರುದಿನ ಬೆಳಿಗ್ಗೆ ಪಾತ್ರೆ ಕೇಳಿಕೊಂಡು ಗೆಳತಿಯೇ ಬಂದಳು. ಮುಖ ಊದಿಸಿಕೊಂಡಿದ್ದಳು. “ನಿನ್ನೆ ಯಾಕೆ ಬರ್ಲಿಲ್ಲ ನೀನು? ನನ್ನ ಪಕ್ಕದ ಮಣೆ ನಿಂಗೇ ಅಂತ ಇಟ್ಟಿದ್ದೆ. ಯಾರನ್ನೂ ಕೂರೋಕೆ ಬಿಡ್ಲಿಲ್ಲ. ನಿಂಗೆ ಅಷ್ಟು ದೂರ ನಡೆಯೋಕಾಗಲ್ಲ ಅಂತ ಅಮ್ಮ ಅಂದ್ಲು. ಸುಳ್ಳು ತಾನೇ?”

ಬಂದಿದ್ದೆ ಕಣೇ ಎನ್ನಬೇಕಿತ್ತು. ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ ಎನ್ನಬೇಕಿತ್ತು. ಹಿತ್ತಿಲ ಬಾಗಿಲಿಂದ ಬಂದು ಪಾಯಸ ಹೊತ್ತುಕೊಂಡು ವಾಪಸು ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಹಿಂದಿನ ದಿನದ ಸಿಟ್ಟೂ ಹಾಗೇ ಇತ್ತು. ಎದುರಿಗೆ ಸಿಕ್ಕವಳು ಅವಳು.

“ನಿಜವೇ. ಅಷ್ಟು ದೂರ ನಂಗಾಗಲ್ಲ” ಎಂದೆ.

ಪಾತ್ರೆಗೆ ಸಕ್ಕರೆ ಹಾಕುತ್ತಿದ್ದ ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಗೆಳತಿ ಪಾತ್ರೆ ತೆಗೆದುಕೊಂಡು ಹೋದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಮುಂದೆ ಶಿವಮೊಗ್ಗಕ್ಕೆ ಬಂದ ಮೇಲೆ ಶಾಲೆಗೆ ದಿನವೂ ಒಂದು ಮೈಲಿ ನಡೆದಿದ್ದೇನೆ. ಭದ್ರಾವತಿಯ ಆ ಮೂರು ಮನೆಗಳನ್ನು ಮಾತ್ರ ಮತ್ತೆ ದಾಟಲಿಲ್ಲ. ಮರುವರ್ಷ, ನಾವಿನ್ನೂ ಭದ್ರಾವತಿಯಲ್ಲೇ ಇದ್ದಾಗ, ಅವಳ ಹುಟ್ಟುಹಬ್ಬದ ಸಂಜೆ ಜಗಲಿಯಲ್ಲಿ ಕೂತಿದ್ದೆ. ಈ ಸಲ ಪಾಯಸ ತಂದವಳು ಗೆಳತಿಯೇ. ಹೊಸ ಲಂಗ, ಹಣೆಯಲ್ಲಿ ಆರತಿಯ ಕುಂಕುಮ. ಪಾತ್ರೆಯನ್ನು ನನ್ನ ಪಕ್ಕದಲ್ಲಿಟ್ಟು, ಅವಳಮ್ಮನ ಹಾಗೆಯೇ ಹೇಳಿದಳು: “ಪಾಪ, ನೀನು ಅಷ್ಟು ದೂರ ನಡೆಯೋದು ಬೇಡ ಅಂತ ನಾನೇ ತಂದೆ.”